ಪದಕ್ಕೆ ಹೆಸರುಂಟು, ಧಾಟಿಗೆ ಹೆಸರಿಲ್ಲ

ಜಾತ್ರೆಯ ರಾತ್ರಿ. ತೇರು ಎಳೆದಾಗಿದೆ. ಗುಡಿಯ ಮುಂದಿನ ಬಯಲಿನಲ್ಲಿ ಬೆಂಡು-ಬತ್ತಾಸಿನ ಅಂಗಡಿಗಳು ಇನ್ನೂ ಮುಚ್ಚಿಲ್ಲ. ಕಟ್ಟೆಯ ಮೇಲೆ ಎರಡು ಮೇಳಗಳು ಎದುರುಬದುರಾಗಿ ಸಜ್ಜಾಗಿವೆ. ಒಂದು ಮೇಳದ ಮುಂದಾಳು ದಪ್ಪು ಬಾರಿಸುತ್ತ ಮುಂದೆ ಬರುತ್ತಾನೆ. ಅವನ ಬೆನ್ನಿಗೆ ಇಬ್ಬರು, ಒಬ್ಬನ ಕೈಯಲ್ಲಿ ತುಂತುಣಿ, ಇನ್ನೊಬ್ಬನ ಕೈಯಲ್ಲಿ ತಾಳ. ಮುಂದಾಳು ಒಂದು ನುಡಿ ಎತ್ತಿ ಬಿಟ್ಟ ಕೂಡಲೇ ಹಿಂದಿನವರು ಅದರ ಕೊನೆಯನ್ನು ಹಿಡಿದು ‘ಗೀಯ ಗಾ’ ಎಂದು ಎಳೆಯುತ್ತಾರೆ. ಕಂಬಳಿ ಹೊದ್ದು ಕೂತ ಹಿರಿಯರು ಹಾಡು ಯಾವುದೆಂದು ತಿಳಿಯುವ ಮೊದಲೇ ತಲೆದೂಗತೊಡಗುತ್ತಾರೆ. ಮಾತು ಇನ್ನೂ ಪೂರ್ತಿ ಕಿವಿಗೆ ಬಿದ್ದಿಲ್ಲ, ಧಾಟಿ ಆಗಲೇ ಗುರುತು ಹತ್ತಿದೆ.

ಕೃಷ್ಣಾ ಹೊಳೆಸಾಲಿನ ತುಬಚಿಯಿಂದ ಹಿಡಿದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರೆಗಿನ ಸೀಮೆಯಲ್ಲಿ ಇಂಥ ರಾತ್ರಿಯನ್ನು ನೋಡದೆ ಬೆಳೆದವರು ಕಡಿಮೆ. ತುಬಚಿ ಎಂದೊಡನೆ ಹೊರಗಿನವರಿಗೆ ಈಗ ನೆನಪಾಗುವುದು ತುಬಚಿ-ಬಬಲೇಶ್ವರ ಏತ ನೀರಾವರಿ. ಹೊಳೆಯ ನೀರನ್ನು ಎತ್ತಿ ದೂರದ ಒಣನೆಲಕ್ಕೆ ಮುಟ್ಟಿಸುವ ಆ ಕೆಲಸಕ್ಕೆ ನಕ್ಷೆಯಿದೆ, ಲೆಕ್ಕವಿದೆ, ಕಡತವಿದೆ. ಅದೇ ನೆಲದಿಂದ ಊರೂರಿಗೆ ಹರಿದ ಹಾಡಿನ ಧಾಟಿಗಳಿಗೆ ಮಾತ್ರ ಯಾವ ನಕ್ಷೆಯೂ ಇಲ್ಲ. ಒಂದು ಪದ ಎಲ್ಲಿ ಹುಟ್ಟಿತು, ಯಾರು ಕಟ್ಟಿದರು ಎಂಬುದನ್ನು ಬಹಳ ಸಲ ಆ ಪದವೇ ಹೇಳುತ್ತದೆ. ಅದರ ಧಾಟಿ ಎಲ್ಲಿಂದ ಬಂತು ಎಂಬುದನ್ನು ಯಾವ ಪದವೂ ಹೇಳುವುದಿಲ್ಲ. ಆ ಧಾಟಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂದು ತಿಳಿಯಲು ಇದೇ ಸೀಮೆಯ ಒಂದು ಲಾವಣಿಯನ್ನು ಹಿಡಿದು ಹೊರಡೋಣ.

ಹಲಗಲಿಯಲ್ಲಿ ನಡೆದದ್ದು

ಹಲಗಲಿ ಮುಧೋಳ ತಾಲ್ಲೂಕಿನ ಊರು. 1857ರಲ್ಲಿ ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿತ್ತು, ಪಕ್ಕದ ಜಮಖಂಡಿ ಪಟವರ್ಧನರದು. ಉತ್ತರ ಭಾರತದಲ್ಲಿ ಸಿಪಾಯಿಗಳು ದಂಗೆಯೆದ್ದ ಆ ವರ್ಷ ಕಂಪನಿ ಸರ್ಕಾರ ಜನರ ಕೈಯಲ್ಲಿದ್ದ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆ ತಂದಿತು. ಹಲಗಲಿಯ ಬೇಡರಿಗೆ ಆಯುಧವೆಂದರೆ ಬೇಟೆ, ಕಾವಲು, ಮಾನ ಎಲ್ಲವೂ ಆಗಿತ್ತು. ಕೊಡುವುದಿಲ್ಲ ಎಂದರು. ಸುತ್ತಲಿನ ಊರುಗಳಿಂದಲೂ ಜನ ಬಂದು ಅವರ ಜೊತೆ ಸೇರಿದರು.

ನವೆಂಬರ್ ಕೊನೆಗೆ ಬ್ರಿಟಿಷ್ ಪಡೆ ಹಲಗಲಿಯನ್ನು ಮುತ್ತಿತು. ಊರಿಗೆ ಬೆಂಕಿ ಬಿತ್ತು. ಸೆರೆಸಿಕ್ಕವರಲ್ಲಿ 13 ಜನರನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ, ಇನ್ನೂ 6 ಜನರನ್ನು ಡಿಸೆಂಬರ್ 14ರಂದು ಹಲಗಲಿಯಲ್ಲಿಯೇ ಗಲ್ಲಿಗೇರಿಸಿದರು. ಸರ್ಕಾರಿ ದಾಖಲೆಗಳಲ್ಲಿ ಇದೊಂದು ಸಣ್ಣ ಪ್ರಕರಣ.

ಜನರ ಬಾಯಲ್ಲಿ ಅದು ಸಣ್ಣದಾಗಲಿಲ್ಲ, ಲಾವಣಿಯಾಯಿತು. ವಿಲಾಯತಿಯಿಂದ ಬಂದ ಹುಕುಂ, ಹಣಮ-ಬಾಲ-ಜಡಗ-ರಾಮ ಎಂಬ ನಾಲ್ವರು, ಕಾರಕೂನನ ಜೊತೆಗಿನ ಜಟಾಪಟಿ, ಕುದುರೆ ದಂಡು, ಹೆಬಲಕ ಸಾಹೇಬ, ಕಾರ ಸಾಹೇಬ ಎಲ್ಲರೂ ಅದರಲ್ಲಿದ್ದಾರೆ. ಲಾವಣಿಕಾರ ಹೊಡೆದಾಟವನ್ನಷ್ಟೇ ಹಾಡಿ ಬಿಡುವುದಿಲ್ಲ. ಊರು ಹಾಳಾದ ಮೇಲೆ ಏನೇನು ಹೋಯಿತೆಂದು ಒಂದೊಂದಾಗಿ ಎಣಿಸುತ್ತಾನೆ. ಕೊಡಲಿ, ಕಬ್ಬಿಣದಿಂದ ಹಿಡಿದು ಹಾಲು-ಮೊಸರು, ಅರಿಶಿನ, ಮಂಗಳಸೂತ್ರ, ಬೀಸುವ ಕಲ್ಲಿನವರೆಗೆ ಯಾವುದನ್ನೂ ಬಿಡುವುದಿಲ್ಲ. ಯಾವ ಅಧಿಕಾರಿಯೂ ಬರೆದುಕೊಳ್ಳದ ಪಂಚನಾಮೆ ಅದು. ಈ ಲಾವಣಿಯಲ್ಲಿ ನನ್ನನ್ನು ಅತಿ ಹೆಚ್ಚು ಕಲಕುವ ಭಾಗವೂ ಅದೇ. ಮನೆಯ ಒಳಗನ್ನು ಬಲ್ಲವನೊಬ್ಬನು ಮಾತ್ರ ನಷ್ಟವನ್ನು ಹಾಗೆ ಲೆಕ್ಕ ಹಾಕಬಲ್ಲ.

ಕೊನೆಯಲ್ಲಿ ಅಂಕಿತ ಬರುತ್ತದೆ: ಕುರ್ತಕೋಟಿಯ ಕಲ್ಮೇಶ. ಕುರ್ತಕೋಟಿ ಇರುವುದು ಗದಗ ತಾಲ್ಲೂಕಿನಲ್ಲಿ, ಹಲಗಲಿಯಿಂದ ದೂರ. ಹಾಡಿನ ಕಥೆ ಒಂದು ಊರಿನದು, ಹಾಡಿಗೆ ಆಣೆಯಾಗಿ ನಿಂತ ದೇವರು ಇನ್ನೊಂದು ಊರಿನವನು. ಸುದ್ದಿ ಎಷ್ಟು ದೂರ ನಡೆದು ಪದವಾಯಿತು ಎಂಬುದಕ್ಕೆ ಪದದ ಒಳಗೇ ಇರುವ ಸಾಕ್ಷಿ ಅದು.

ಸುದ್ದಿ ಪದವಾಗುವ ದಾರಿ

ಪತ್ರಿಕೆ ಮುಟ್ಟದ, ಮುಟ್ಟಿದರೂ ಓದುವವರಿಲ್ಲದ ಕಾಲದಲ್ಲಿ ಲಾವಣಿಯೇ ಸುದ್ದಿ. ಸಂಗೊಳ್ಳಿ ರಾಯಣ್ಣನ ಹೋರಾಟಕ್ಕೆ ಲಾವಣಿ ಬಂತು. ಬೈಲಹೊಂಗಲದ ಸೀಮೆಯಲ್ಲಿ ನಡೆದ ಸಂಗ್ಯಾನ ಕೊಲೆಗೆ ಬಂತು. ಅಷ್ಟೇಕೆ, ಸರ್ಕಾರ ಆದಾಯದ ಮೇಲೆ ತೆರಿಗೆ ಹೇರಿದ್ದಕ್ಕೂ ಬಂತು.

ಇವೆಲ್ಲ ನಮಗೆ ಅಚ್ಚಿನಲ್ಲಿ ಉಳಿದದ್ದು ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯಿಂದ. ಕನ್ನಡ ಶಾಸನಗಳನ್ನು ಓದಿ ಅರಸುಮನೆತನಗಳ ಚರಿತ್ರೆ ಬರೆದ ಫ್ಲೀಟರು ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಕೆಲಸ ಮಾಡಿದವರು. ಕಲ್ಲಿನ ಬರಹದ ಮೇಲಿದ್ದ ಆಸಕ್ತಿ ಬಾಯಿಮಾತಿನ ಪದಗಳ ಮೇಲೂ ಹರಿಯಿತು. 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅವರು ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದ ಜೊತೆ ಅಚ್ಚುಹಾಕಿಸಿದರು. ಹಲಗಲಿಯ ಬೇಡರ ಪದ ಅದರಲ್ಲೊಂದು. ಬೇಡರನ್ನು ಗಲ್ಲಿಗೇರಿಸಿದ ಸರ್ಕಾರದ ಅಧಿಕಾರಿಯೇ ಅವರ ಪದವನ್ನು ಕಾಪಿಟ್ಟದ್ದು ವಿಚಿತ್ರವೆನಿಸಬಹುದು, ಆದರೆ ಅವರ ಆ ಶ್ರಮಕ್ಕೆ ಕೃತಜ್ಞತೆ ಸಲ್ಲಲೇಬೇಕು.

ಲಾವಣಿಯ ಕಟ್ಟಣೆ ಸರಳ. ಮೊದಲು ಪಲ್ಲ, ಆಮೇಲೆ ನುಡಿಗಳು, ನಡುನಡುವೆ ಏರು ಮತ್ತು ಇಳುವು. ಪಲ್ಲ ಕಥೆಯ ತಿರುಳನ್ನು ಹೇಳಿ ಮತ್ತೆ ಮತ್ತೆ ಮರಳುತ್ತದೆ. ನುಡಿಯಲ್ಲಿ ಕಥೆ ನಡೆಯುತ್ತದೆ. ಏರಿನಲ್ಲಿ ದನಿ ಮೇಲಕ್ಕೆ ಹೋಗಿ ಗತಿ ಚುರುಕಾಗುತ್ತದೆ, ಅಲ್ಲಿಯೇ ಕುದುರೆ ದಂಡು ಬರುತ್ತದೆ, ಗುಂಡು ಹಾರುತ್ತದೆ. ಇಳುವಿನಲ್ಲಿ ಹಾಡುಗಾರನಿಗೂ ಕೇಳುವವನಿಗೂ ಉಸಿರು. ಹೊಸ ಘಟನೆ ನಡೆದಾಗ ಲಾವಣಿಕಾರ ಹೊಸ ರಾಗ ಹುಡುಕುತ್ತ ಕೂರುವುದಿಲ್ಲ. ಈ ಕಟ್ಟು ಅವನ ಮೈಗೆ ಹತ್ತಿರುತ್ತದೆ. ಜನ ಆಗಲೇ ಬಲ್ಲ ಧಾಟಿಯೊಂದನ್ನು ಆರಿಸಿ ಅದರೊಳಗೆ ಹೊಸ ಮಾತು ತುಂಬುತ್ತಾನೆ. ಧಾಟಿ ಪರಿಚಿತವಾಗಿದ್ದಷ್ಟೂ ಸುದ್ದಿ ಬೇಗ ಹಬ್ಬುತ್ತದೆ, ಏಕೆಂದರೆ ಕೇಳಿದವನು ಮಾತನ್ನು ಮಾತ್ರ ಕಲಿತರೆ ಸಾಕು.

ಈ ಕಲೆ ಕನ್ನಡ-ಮರಾಠಿ ಎರಡರ ನಡುವೆ ಬೆಳೆದದ್ದು. ಪೇಶ್ವೆಯರ ಕಾಲದಿಂದ ಇಲ್ಲಿನ ಕಚೇರಿ, ಸಂಸ್ಥಾನ, ದಂಡುಗಳಲ್ಲಿ ಮರಾಠಿ ಓಡಾಡುತ್ತಿತ್ತು. ಅದರ ಜೊತೆಗೆ ಲಾವಣಿಯೂ, ಕಲಗಿ-ತುರಾ ಎಂಬ ಎರಡು ಪಂಗಡಗಳ ಹಾಡುಜಿದ್ದೂ ಬಂದವು. ನಮ್ಮಲ್ಲಿ ಅದು ಹರದೇಶಿ-ನಾಗೇಶಿ ಆಯಿತು. ಶಿವ ಹೆಚ್ಚೋ ಶಕ್ತಿ ಹೆಚ್ಚೋ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ಸವಾಲು-ಜವಾಬು. ಲಾವಣಿಗೆ ಹಿಮ್ಮೇಳ ಕೂಡಿ, ‘ಗೀಯ ಗಾ’ ಸೊಲ್ಲು ಸೇರಿ ಗೀಗೀ ಪದ ರೂಪುಗೊಂಡಿತು. ಮುಂದೆ ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಇದೇ ಮೇಳಗಳು ಇದೇ ಧಾಟಿಗಳಲ್ಲಿ ಗಾಂಧೀಜಿಯನ್ನೂ ಚರಕವನ್ನೂ ಹಾಡಿದವು. ಕಟ್ಟುವವರಲ್ಲಿ, ಹಾಡುವವರಲ್ಲಿ ಜಾತಿ-ಮತದ ಗೋಡೆ ಇರಲಿಲ್ಲ. ಇಂಡಿ ಸೀಮೆಯ ಹಲಸಂಗಿಯ ಖಾಜಾಭಾಯಿಯಂಥ ಲಾವಣಿಕಾರರನ್ನು ನೆನೆದರೆ ಸಾಕು. ಈ ಭಾಗದ ಮೊಹರಂ ಪದಗಳಿಗೆ ಹೆಜ್ಜೆ ಹಾಕುವವರಲ್ಲಿ ಎಲ್ಲ ಕೇರಿಯವರೂ ಇರುತ್ತಾರೆ.

ಹಿಮ್ಮೇಳವೇ ಪಾಠಶಾಲೆ

ಇಂಥ ಧಾಟಿ ಕಲಿಯುವುದು ಹೇಗೆ? ಸ್ವರ ಬರೆದಿಟ್ಟ ಪುಸ್ತಕವಿಲ್ಲ. ಎದುರು ಕೂಡಿಸಿಕೊಂಡು ಸಾ ಪಾ ಸಾ ಹೇಳಿಸುವ ಗುರುವೂ ಸಾಮಾನ್ಯವಾಗಿ ಇಲ್ಲ. ಕಲಿಯುವ ಜಾಗವೆಂದರೆ ಹಿಮ್ಮೇಳ.

ಹೊಸದಾಗಿ ಮೇಳ ಸೇರಿದ ಹುಡುಗನ ಕೈಗೆ ಮೊದಲು ತಾಳ ಕೊಡುತ್ತಾರೆ. ಮುಂದಾಳು ನುಡಿ ಹೇಳುತ್ತಾನೆ, ಹುಡುಗ ಅದರ ಬಾಲವನ್ನು ಹಿಡಿದು ಎಳೆಯಬೇಕು. ಇಡೀ ನುಡಿ ಅವನಿಗೆ ಗೊತ್ತಿರಬೇಕೆಂದಿಲ್ಲ, ಎಲ್ಲಿ ಹಿಡಿಯಬೇಕು, ಎಷ್ಟು ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದು ಗೊತ್ತಿದ್ದರಾಯಿತು. ಒಂದೇ ರಾತ್ರಿಯಲ್ಲಿ ಅದೇ ಧಾಟಿ ಎಷ್ಟೋ ಸಲ ಅವನ ಗಂಟಲಿನ ಮೂಲಕ ಹಾಯ್ದು ಹೋಗುತ್ತದೆ. ಹೀಗೆ ಹಲವು ಜಾತ್ರೆ ಕಳೆದ ಮೇಲೆ ಒಂದು ದಿನ ಮುಂದಾಳಿಗೆ ದನಿ ಕೈಕೊಟ್ಟಾಗ ದಪ್ಪು ಅವನ ಕೈಗೆ ಬರುತ್ತದೆ.

ಹಿಮ್ಮೇಳದ ಆ ಎಳೆತಕ್ಕೆ ಇನ್ನೊಂದು ಕೆಲಸವೂ ಇದೆ. ಅವರು ‘ಗೀಯ ಗಾ’ ಎನ್ನುವಷ್ಟು ಹೊತ್ತು ಮುಂದಾಳಿಗೆ ಉಸಿರು ಸಿಗುತ್ತದೆ, ಮುಂದಿನ ನುಡಿ ನೆನಪಿಗೆ ಬರುತ್ತದೆ. ಹರದೇಶಿ-ನಾಗೇಶಿಯ ಜಿದ್ದಿನಲ್ಲಾದರೆ ಎದುರಾಳಿಗೆ ಸ್ಥಳದಲ್ಲೇ ಜವಾಬು ಕಟ್ಟಲು ಸಿಗುವ ಸಮಯವೂ ಅಷ್ಟೇ. ತುಂತುಣಿಯ ಒಂಟಿ ತಂತಿ ಒಂದೇ ಸ್ವರವನ್ನು ಬಿಡದೆ ಮಿಡಿಯುತ್ತ ಶ್ರುತಿಯನ್ನೂ ಲಯವನ್ನೂ ಕಾಯುತ್ತದೆ. ಕಂಠ ಎಲ್ಲಿ ಅಲೆದರೂ ಆ ತಂತಿಯ ಬಳಿಗೆ ಬಂದು ಸೇರಲೇಬೇಕು. ಬಡವರ ವಾದ್ಯವೆಂದು ತುಂತುಣಿಯನ್ನು ಹಗುರಾಗಿ ಕಾಣುವವರು ಅದನ್ನು ತೆಗೆದಿಟ್ಟು ಒಂದು ನುಡಿ ಹಾಡಿ ನೋಡಬೇಕು.

ಈ ರೀತಿ ಕಲಿತದ್ದು ಯಥಾವತ್ತಾಗಿ ಉಳಿಯುವುದಿಲ್ಲ. ಒಬ್ಬ ಏರನ್ನು ಇನ್ನಷ್ಟು ಏರಿಸುತ್ತಾನೆ. ಇನ್ನೊಬ್ಬನ ಗಂಟಲಿಗೆ ಅಷ್ಟು ಎತ್ತರ ನಿಲುಕದೆ ಅಲ್ಲಿ ಬೇರೊಂದು ತಿರುವು ಹುಟ್ಟುತ್ತದೆ, ಅವನ ಶಿಷ್ಯರಿಗೆ ಅದೇ ಮೂಲವಾಗುತ್ತದೆ. ಹೊಳೆಯಾಚೆಯ ಮೇಳ ಎರಡು ಸಾಲು ನುಂಗಿ ಹಾಡಿದರೆ ಈಚೆಯ ಮೇಳ ಅದೇ ಜಾಗದಲ್ಲಿ ನಾಲ್ಕು ಸಾಲು ಸೇರಿಸುತ್ತದೆ. ಹಾಗಾಗಿ ಒಂದು ಹಳೆಯ ಲಾವಣಿಯ ನಿಜವಾದ ಧಾಟಿ ಯಾವುದು ಎಂಬ ಪ್ರಶ್ನೆಗೆ ಒಂದೇ ಉತ್ತರವಿರಲು ಸಾಧ್ಯವಿಲ್ಲ.

ಪದದ ತಲೆಯ ಮೇಲಿನ ಸಾಲು

ಭಜನೆಯ ಪುಸ್ತಕ, ತತ್ವಪದದ ಪುಸ್ತಕ, ಜಾತ್ರೆಯಲ್ಲಿ ಮಾರುವ ಗೀಗೀ ಪದಗಳ ಸಣ್ಣ ಹೊತ್ತಿಗೆ, ಕಂಪನಿ ನಾಟಕದ ಪದಗಳ ಪುಸ್ತಕ, ಯಾವುದನ್ನಾದರೂ ತೆಗೆದು ನೋಡಿ. ಪದದ ತಲೆಯ ಮೇಲೆ ‘ಧಾಟಿ’ ಅಥವಾ ‘ಚಾಲ’ ಎಂದು ಅಚ್ಚಾಗಿರುತ್ತದೆ, ಅದರ ಮುಂದೆ ಇನ್ನೊಂದು ಹಾಡಿನ ಮೊದಲ ಎರಡು-ಮೂರು ಮಾತು. ಹೊಸ ಪದವನ್ನು ಆ ಹಳೆಯ ಹಾಡಿನಂತೆ ಹಾಡಬೇಕು ಎಂದರ್ಥ. ಮರಾಠಿ ಸಂಗೀತ ನಾಟಕಗಳ ಹಳೆಯ ಪುಸ್ತಕಗಳಲ್ಲಿಯೂ ಇದೇ ಕ್ರಮ.

ಇದಕ್ಕಿಂತ ಅಗ್ಗದ, ಇದಕ್ಕಿಂತ ಚುರುಕಾದ ಸ್ವರಲಿಪಿ ಇರಲಾರದು. ಓದುವವನಿಗೆ ಸಂಗೀತಶಾಸ್ತ್ರ ಬೇಕಿಲ್ಲ, ಹಿಂದಿನ ಹಾಡು ಗೊತ್ತಿದ್ದರೆ ಸಾಕು. ಅದರ ಪೇಚೂ ಅದರಲ್ಲಿಯೇ ಇದೆ. ಹಿಂದಿನ ಹಾಡು ಮರೆತುಹೋದ ದಿನ ಆ ಸಾಲು ಬೀಗದ ಕೈ ಕಳೆದ ಪೆಟ್ಟಿಗೆಯಂತಾಗುತ್ತದೆ. ಎಂಬತ್ತು-ತೊಂಬತ್ತು ವರ್ಷ ಹಳೆಯ ಹೊತ್ತಿಗೆಯೊಂದರಲ್ಲಿ ಸೂಚಿಸಿದ ಧಾಟಿಯ ಹಾಡನ್ನು ಇಂದು ಬಲ್ಲವರು ಸಿಗುವುದು ಕಷ್ಟ. ಆ ಹಾಡಿಗೂ ಒಂದು ಧಾಟಿ ಇದ್ದಿತು, ಅದು ಇನ್ನೂ ಹಿಂದಿನ ಹಾಡೊಂದರಿಂದ ಬಂದಿತ್ತು.

ನಮ್ಮ ಹಾಡುಪರಂಪರೆಯ ಸ್ವಭಾವವೇ ಇಲ್ಲಿದೆ. ಪದಕ್ಕೆ ಕವಿ ಇದ್ದಾನೆ. ಅಂಕಿತದಲ್ಲಿ ಅವನ ಊರು, ದೇವರು, ಗುರು ಎಲ್ಲರೂ ಬರುತ್ತಾರೆ. ಧಾಟಿಗೆ ಒಡೆಯನಿಲ್ಲ, ತನ್ನದೇ ಹೆಸರೂ ಇಲ್ಲ. ಅದು ಹೊತ್ತ ಹೆಸರು ಯಾವಾಗಲೂ ಹಿಂದಿನ ಪದದ್ದು. ಒಂದು ಪದದಿಂದ ಇನ್ನೊಂದಕ್ಕೆ ಕಡ ಹೋಗುತ್ತ ಹೋಗುತ್ತಲೇ ಅದು ಬದುಕುತ್ತದೆ. ಯಾರೂ ಕಡ ಕೇಳದಿದ್ದರೆ ಅಲ್ಲಿಗೆ ಮುಗಿಯಿತು.

ಕೆಂಟಕಿಯ ಪಿಟೀಲು

ಇದಕ್ಕೆ ಪೂರ್ತಿ ತಿರುಗುಮುರುಗಾದ ಉದಾಹರಣೆ ಅಮೆರಿಕದ ಹಳ್ಳಿಗಳಲ್ಲಿ ಸಿಗುತ್ತದೆ. ಅಲ್ಲಿನ ಜನಪದ ಪಿಟೀಲುಗಾರರ ಧಾಟಿಗಳಿಗೆ ಬಹುಮಟ್ಟಿಗೆ ಮಾತೇ ಇಲ್ಲ, ಆದರೆ ಪ್ರತಿಯೊಂದಕ್ಕೂ ಹೆಸರುಂಟು. ‘ಬೋನಾಪಾರ್ಟ್ಸ್ ರಿಟ್ರೀಟ್’, ಅಂದರೆ ನೆಪೋಲಿಯನ್ ಬೋನಾಪಾರ್ಟನ ಹಿಮ್ಮೆಟ್ಟುವಿಕೆ, ಅಂಥದೊಂದು ಧಾಟಿ. ಸೋತು ಹಿಂದಿರುಗುವ ಸೈನ್ಯದ ನಡಿಗೆಯನ್ನು ನೆನಪಿಸುವಂತೆ ಅದನ್ನು ನಿಧಾನವಾಗಿ ನುಡಿಸುತ್ತಿದ್ದರು. ಪಿಟೀಲಿನ ಮಂದ್ರ ತಂತಿಯನ್ನು ಇನ್ನೂ ಇಳಿಸಿ ಶ್ರುತಿ ಮಾಡಿಕೊಂಡು, ಒಂದು ಸ್ವರ ಸದಾ ಕೆಳಗೆ ಮೊರೆಯುವಂತೆ ನೋಡಿಕೊಳ್ಳುತ್ತಿದ್ದರು. ನಮ್ಮ ತುಂತುಣಿ ಮಾಡುವ ಕೆಲಸವೂ ಅದೇ.

1937ರಲ್ಲಿ ಅಲನ್ ಲೊಮ್ಯಾಕ್ಸ್ ಎಂಬ ಸಂಗ್ರಾಹಕರು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಕೆಂಟಕಿ ರಾಜ್ಯದ ಸ್ಯಾಲಿಯರ್ಸ್‌ವಿಲ್ ಎಂಬಲ್ಲಿ ವಿಲಿಯಂ ಹ್ಯಾಮಿಲ್ಟನ್ ಸ್ಟೆಪ್ ಎಂಬ ಪಿಟೀಲುಗಾರರ ವಾದನವನ್ನು ಧ್ವನಿಮುದ್ರಿಸಿಕೊಂಡರು. ಸ್ಟೆಪ್ ಈ ನಡಿಗೆಯ ಧಾಟಿಯನ್ನು ಓಟದ ಧಾಟಿ ಮಾಡಿಬಿಟ್ಟಿದ್ದರು. ಆ ವೇಗ, ಆ ಬಿಲ್ಲಿನ ಹೊಡೆತ ಅವರದೇ. ಆ ಮುದ್ರಣವನ್ನು ಕೇಳಿ ರೂತ್ ಕ್ರಾಫರ್ಡ್ ಸೀಗರ್ ಸ್ವರಲಿಪಿಗೆ ಇಳಿಸಿದರು, ಅದು 1941ರಲ್ಲಿ ಪುಸ್ತಕವೊಂದರಲ್ಲಿ ಅಚ್ಚಾಯಿತು. ಮರುವರ್ಷವೇ ಸಂಗೀತ ಸಂಯೋಜಕ ಆರನ್ ಕೋಪ್ಲಂಡ್ ತಮ್ಮ ‘ರೋಡಿಯೊ’ ನೃತ್ಯರೂಪಕದ ಕೊನೆಯ ಭಾಗಕ್ಕೆ ಅದನ್ನು ಹೆಚ್ಚುಕಡಿಮೆ ಇದ್ದ ಹಾಗೆಯೇ ತೆಗೆದುಕೊಂಡರು. ಆಮೇಲೆ ಅದು ರಾಕ್ ಸಂಗೀತಕ್ಕೆ ಹೋಯಿತು, ಟಿವಿ ಜಾಹೀರಾತಿಗೂ ಹೋಯಿತು. ಕೋಪ್ಲಂಡರ ಹೆಸರು ಲೋಕಕ್ಕೆಲ್ಲ ಗೊತ್ತು. ಸ್ಟೆಪ್ ಹೆಸರು ಬಲ್ಲವರು ಬಹುಕಾಲ ಕೆಲವೇ ಜನ.

ಆದರೂ ಅಲ್ಲಿ ಒಂದು ಅನುಕೂಲವಾಯಿತು. ಧಾಟಿಗೆ ಹೆಸರಿತ್ತು, ನುಡಿಸಿದವನ ಹೆಸರನ್ನು ಮುದ್ರಣದ ಜೊತೆಗೆ ಬರೆದಿಟ್ಟಿದ್ದರು. ಹಾಗಾಗಿ ಅರವತ್ತು-ಎಪ್ಪತ್ತು ವರ್ಷದ ನಂತರವೂ ದೊಡ್ಡ ವಾದ್ಯವೃಂದದ ಸದ್ದಿನ ಹಿಂದಿರುವ ಹಳ್ಳಿಯ ಪಿಟೀಲುಗಾರನ ಬಳಿಗೆ ಹೋಗಿ ಮುಟ್ಟಲು ಸಾಧ್ಯವಾಯಿತು.

ಮಟ್ಟು ದಾಟಿದ ಗಡಿಗಳು

ನಮ್ಮ ಧಾಟಿಗಳೂ ಕಡಿಮೆ ದೂರ ಹೋಗಿಲ್ಲ. ಮುಧೋಳ ತಾಲ್ಲೂಕಿನ ಲೋಕಾಪುರ ಶ್ರೀಕೃಷ್ಣ ಪಾರಿಜಾತ ಆಟಕ್ಕೆ ಹೆಸರಾದ ಊರು. ಅಪರಾಳ ತಮ್ಮಣ್ಣನ ಕಾವ್ಯದಿಂದ ಹೊರಟು, ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನ ಕೈಯಲ್ಲಿ ರಂಗಕ್ಕೆ ಬಂದು, ಕೌಜಲಗಿ ನಿಂಗಮ್ಮನಂಥ ಕಲಾವಿದೆಯ ಕಂಠದಲ್ಲಿ ಮನೆಮಾತಾದ ಆಟ ಅದು. ಸತ್ಯಭಾಮೆಯ ಮುನಿಸು, ರುಕ್ಮಿಣಿಯ ತಾಳ್ಮೆ, ಕೊರವಂಜಿಯ ಮಾತು, ಎಲ್ಲಕ್ಕೂ ಬೇರೆ ಬೇರೆ ಮಟ್ಟು. ಹಿಂದೂಸ್ತಾನಿ ರಾಗದ ನೆರಳೂ ಹಳ್ಳಿಯ ಪದದ ಗತ್ತೂ ಅದರಲ್ಲಿ ಬೆರೆತಿವೆ.

ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದವರು. 1880ರಲ್ಲಿ ‘ಸಂಗೀತ ಶಾಕುಂತಲ’, 1882ರಲ್ಲಿ ‘ಸಂಗೀತ ಸೌಭದ್ರ’ ರಂಗಕ್ಕೆ ಬಂದವು. ಕನ್ನಡ ನೆಲದಲ್ಲಿ ಕೇಳಿ ಬೆಳೆದ ಮಟ್ಟುಗಳು ಅವರ ಪದಗಳಲ್ಲಿ ಸೇರಿಕೊಂಡಿರುವುದನ್ನು ರಂಗಭೂಮಿಯ ಇತಿಹಾಸಕಾರರು ಗುರುತಿಸಿದ್ದಾರೆ. ಮುಂದೆ ಅದೇ ನಾಟ್ಯಗೀತೆಗಳ ಧಾಟಿಗಳು ಹೊಳೆಯ ಈಚೆಗೆ ಮರಳಿ ಬಂದು ಕನ್ನಡ ಕಂಪನಿ ನಾಟಕಗಳ ಪದಗಳಾದವು, ಅಲ್ಲಿಂದ ಭಜನಾ ಮೇಳಗಳಿಗೆ ಇಳಿದವು. ಹೋದದ್ದು ಯಾವುದು, ಬಂದದ್ದು ಯಾವುದು ಎಂದು ಗೆರೆ ಎಳೆಯುವುದು ಕಷ್ಟ. ಗೆರೆ ಎಳೆಯುವ ಅವಸರವೂ ಬೇಡ.

ಬೀಳಗಿಯ ಅಕ್ಕತಂಗಿಯರಾದ ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿ ಈ ಓಡಾಟದ ಇನ್ನೊಂದು ಹಂತ. ಗೋಹರಬಾಯಿ ಬಾಲಗಂಧರ್ವರ ಕಂಪನಿಯಲ್ಲಿ ಮರಾಠಿ ರಂಗದ ಮೇಲೆ ನಿಂತರು. ಅಮೀರಬಾಯಿ ಹಿಂದಿ ಚಿತ್ರರಂಗಕ್ಕೆ ಹೋದರು, 1943ರ ‘ಕಿಸ್ಮತ್’ ಚಿತ್ರದ ಅವರ ಹಾಡುಗಳು ದೇಶವನ್ನೆಲ್ಲ ಸುತ್ತಿದವು. ಬೀಳಗಿಯಂಥ ಸಣ್ಣ ಊರಿನ ಕಂಠವೊಂದು ಗ್ರಾಮಫೋನಿನ ತಟ್ಟೆಯೇರಿ ಮತ್ತೆ ಇಲ್ಲಿನ ಹೋಟೆಲು, ಟೆಂಟುಗಳಿಗೆ ಮರಳಿತು. ಊರಿನವರು ಆ ಹಾಡುಗಳ ಧಾಟಿಯಲ್ಲಿ ಹೊಸ ಭಜನೆಗಳನ್ನು ಕಟ್ಟಿದರೆ ಅಚ್ಚರಿಪಡುವುದಕ್ಕಿಲ್ಲ. ಪದದ ತಲೆಯ ಮೇಲಿನ ಆ ಸಾಲಿನಲ್ಲಿ ಲಾವಣಿಯ ಜಾಗಕ್ಕೆ ಸಿನಿಮಾ ಹಾಡು ಬರತೊಡಗಿದ್ದು ಹೀಗೆ.

ಪುಸ್ತಕ, ರೇಡಿಯೊ, ಮೊಬೈಲು

ಕನ್ನಡಿಗರೇ ತಮ್ಮ ಹಾಡುಗಳನ್ನು ಸಂಗ್ರಹಿಸಲು ಹೊರಟಾಗ ಮೊದಲ ಸಾಲಿನಲ್ಲಿ ನಿಂತವರು ಹಲಸಂಗಿಯ ಗೆಳೆಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರ ಶ್ರಮದಿಂದ 1931ರಲ್ಲಿ ‘ಗರತಿಯ ಹಾಡು’ ಬಂತು, ನಂತರ ಲಾವಣಿಗಳ ‘ಜೀವನ ಸಂಗೀತ’, ಆಮೇಲೆ ‘ಮಲ್ಲಿಗೆ ದಂಡೆ’. ಡಾ. ಬಿ. ಎಸ್. ಗದ್ದಗಿಮಠರು ಜನಪದ ಗೀತೆಗಳನ್ನು ವಿಶ್ವವಿದ್ಯಾಲಯದ ಅಧ್ಯಯನಕ್ಕೆ ತಂದರು. ಬೇಂದ್ರೆಯವರು ಲಾವಣಿಯ ಗತ್ತನ್ನು ಹೊಸ ಕಾವ್ಯಕ್ಕೆ ತಂದರು. 1950ರಲ್ಲಿ ಧಾರವಾಡದ ಆಕಾಶವಾಣಿ ಶುರುವಾದ ಮೇಲೆ ಹುಕ್ಕೇರಿ ಬಾಳಪ್ಪನವರ ಕಂಠದಲ್ಲಿ ಹಳ್ಳಿಯ ಪದಗಳು ಮನೆಮನೆಯ ರೇಡಿಯೊದಿಂದ ಹೊರಟವು.

ಇಷ್ಟೆಲ್ಲ ಆದರೂ ಉಳಿದದ್ದರಲ್ಲಿ ಮಾತಿನ ಪಾಲೇ ಹೆಚ್ಚು. ಹಲಗಲಿ ಬೇಡರ ಲಾವಣಿ ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿದೆ. ಕರ್ನಾಟಕದ ಲಕ್ಷಗಟ್ಟಲೆ ಮಕ್ಕಳು ಅದನ್ನು ಓದಿದ್ದಾರೆ, ಶಬ್ದಾರ್ಥ ಬರೆದಿದ್ದಾರೆ, ಸಂದರ್ಭ ವಿವರಿಸಿದ್ದಾರೆ. ಏರು ಎಂದು ಅಚ್ಚಾದಲ್ಲಿ ದನಿ ಏರುವುದನ್ನು ಕೇಳಿದವರು ಅವರಲ್ಲಿ ಎಷ್ಟು ಜನ? ಹಾಡಿ ತೋರಿಸುವ ಮೇಷ್ಟ್ರು ಸಿಕ್ಕ ಮಕ್ಕಳು ಪುಣ್ಯವಂತರು. ಉಳಿದವರಿಗೆ ಅದು ಹಳೆಯ ಭಾಷೆಯ ಕಷ್ಟದ ಪದ್ಯ, ಅಷ್ಟೇ. ಪಠ್ಯ ಕಟ್ಟಿದವರು ಲಾವಣಿಯನ್ನು ಆರಿಸಿ ದೊಡ್ಡ ಕೆಲಸ ಮಾಡಿದ್ದಾರೆ. ಮುಧೋಳ ಸೀಮೆಯ ಮೇಳವೊಂದು ಅದನ್ನು ಹಾಡಿದ ಧ್ವನಿಯೂ ಪ್ರತಿ ತರಗತಿಗೆ ಮುಟ್ಟಿದರೆ ಆ ಕೆಲಸ ಪೂರ್ತಿಯಾಗುತ್ತದೆ.

ಧಾಟಿಗಳು ಸಾಯುವುದಕ್ಕೆ ಕಾರಣ ಒಂದೇ ಅಲ್ಲ. ಕೆಲಸಕ್ಕೆ ಅಂಟಿಕೊಂಡಿದ್ದವು ಕೆಲಸದ ಜೊತೆಗೆ ಹೋದವು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲಿನ ಪದಕ್ಕೆ ಬೆಳಗಿನ ಜಾವ ಉಳಿಯಲಿಲ್ಲ. ರಬಕವಿ-ಬನಹಟ್ಟಿಯಲ್ಲಿ ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂದ ಮನೆಗಳಲ್ಲಿ ಆ ಸದ್ದಿನ ಮೇಲೆ ಯಾವ ಕಂಠವೂ ಕೇಳುವುದಿಲ್ಲ. ಗುಡಿ, ಜಾತ್ರೆ, ಜಿದ್ದು ಇವಕ್ಕೆ ಅಂಟಿಕೊಂಡ ಗೀಗೀ ಪದ, ಡೊಳ್ಳಿನ ಪದ, ಮೊಹರಂ ಪದಗಳು ಇನ್ನೂ ಗಟ್ಟಿಯಾಗಿವೆ, ಏಕೆಂದರೆ ಅವಕ್ಕೆ ವರ್ಷವರ್ಷವೂ ಕರೆಯುವ ದಿನವಿದೆ, ಕೇಳುವ ಜನವಿದೆ.

ಈಚೆಗೆ ಬಾಗಲಕೋಟೆ-ಬೆಳಗಾವಿ ಸೀಮೆಯ ಹುಡುಗರು ಸಣ್ಣ ಸ್ಟುಡಿಯೊಗಳಲ್ಲಿ ಮುದ್ರಿಸಿ ಯೂಟ್ಯೂಬಿಗೆ ಹಾಕುವ ‘ಜಾನಪದ’ ಹಾಡುಗಳ ಮೇಲೆ ಹಿರಿಯರಿಗೆ ಅಸಮಾಧಾನವಿದೆ. ಮಾತು ಹಗುರ, ಸದ್ದು ಭಾರ ಎನ್ನುತ್ತಾರೆ. ಅದು ನಿಜವೂ ಹೌದು. ಆದರೆ ಆ ಹಾಡುಗಳನ್ನು ಸುಮ್ಮನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಟ್ರ್ಯಾಕ್ಟರಿನಲ್ಲಿ ಮೊಳಗುವ ಎಷ್ಟೋ ಹಾಡುಗಳ ಒಳಗೆ ಹಳೆಯ ಲಾವಣಿಯ ನಡೆ ಇದೆ, ಡೊಳ್ಳಿನ ಪದದ ತಿರುವಿದೆ. ಕಟ್ಟಿದ ಹುಡುಗ ತನ್ನ ಅಜ್ಜನ ಬಾಯಿಂದ ಕೇಳಿದ್ದನ್ನೇ ಹೊಸ ಮಾತಿಗೆ ಕಡ ತಂದಿದ್ದಾನೆ, ಹಿಂದಿನ ಲಾವಣಿಕಾರ ಮಾಡಿದ್ದೂ ಇದನ್ನೇ. ನಷ್ಟವಾಗುವುದು ಬೇರೆ ಕಡೆ. ಯಂತ್ರದ ತಾಳ ಹಾಡಿನುದ್ದಕ್ಕೂ ಒಂದೇ ವೇಗದಲ್ಲಿ ಓಡುತ್ತದೆ, ಏರಿನಲ್ಲಿ ಚುರುಕಾಗಿ ಇಳುವಿನಲ್ಲಿ ಉಸಿರು ಬಿಡುವ ಅವಕಾಶವನ್ನು ಅದು ಕೊಡುವುದಿಲ್ಲ. ಇನ್ನೊಂದು, ಆ ಹಾಡುಗಳ ಕೆಳಗೆ ಗಾಯಕನ ಹೆಸರು, ಸ್ಟುಡಿಯೊದ ಹೆಸರು ಇರುತ್ತದೆ, ‘ಧಾಟಿ’ ಎಂಬ ಹಳೆಯ ಸಾಲು ಇರುವುದಿಲ್ಲ. ಯಾರಿಂದ ಕಡ ತಂದೆವು ಎಂದು ಹೇಳುವ ಆ ಮರ್ಯಾದೆ ಬಿಟ್ಟುಹೋದರೆ ಹಿಂದಕ್ಕೆ ಹೋಗುವ ದಾರಿಯೇ ಮುಚ್ಚುತ್ತದೆ.

ಈಗ ಪ್ರತಿ ಕೈಯಲ್ಲಿ ಧ್ವನಿಮುದ್ರಣದ ಯಂತ್ರವಿದೆ. ಜಾನಪದ ಅಕಾಡೆಮಿ ಇದೆ, ಶಿಗ್ಗಾವಿಯ ಬಳಿ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೂ ಇದೆ. ಆದರೂ ಮೊದಲ ಕೆಲಸ ಊರಿನಲ್ಲೇ ಆಗಬೇಕು, ಅದಕ್ಕೆ ದೊಡ್ಡ ತಯಾರಿ ಬೇಕಿಲ್ಲ. ಜಮಖಂಡಿಯಲ್ಲೋ ಬೀಳಗಿಯಲ್ಲೋ ತುಬಚಿಯಲ್ಲೋ ಹಳೆಯ ಮೇಳದ ಹಿರಿಯರೊಬ್ಬರು ಹಾಡಲು ಒಪ್ಪಿದರೆ ಪದವನ್ನು ಪೂರ್ತಿ ಮುದ್ರಿಸಿಕೊಳ್ಳಿ, ಹಿಮ್ಮೇಳದವರನ್ನೂ ಕೂಡಿಸಿಕೊಂಡೇ ಹಾಡಿಸಿ. ಹಾಡು ಮುಗಿದ ಮೇಲೆ ಮುದ್ರಣ ನಿಲ್ಲಿಸಬೇಡಿ. “ಅಜ್ಜಾರ, ಈ ಧಾಟಿ ನಿಮಗ ಯಾರು ಕಲಿಸಿದ್ರು? ಇದಕ್ಕಿಂತ ಮೊದಲ ಇದೇ ಧಾಟಿಗೆ ಯಾವ ಪದಾ ಹಾಡತಿದ್ರಿ?” ಎಂದು ಕೇಳಿ. ಆ ಹಳೆಯ ಪದ ನೆನಪಾದರೆ ಅದನ್ನೂ ಹಾಡಿಸಿ, ಅದರ ಹಿಂದಿನದನ್ನೂ ಕೇಳಿ. ಹೇಳಿದವರ ಒಪ್ಪಿಗೆ ಪಡೆದು ಅವರ ಹೆಸರು, ಮೇಳದ ಹೆಸರು, ಊರು, ದಿನಾಂಕವನ್ನು ಮುದ್ರಣದ ಜೊತೆ ಬರೆದಿಡಿ.